ಎಲೆಯ ತುದಿಯ ಉಪ್ಪಿನಕಾಯಿ

2022ರ ಮಳೆಗಾಲದ ಒಂದು ಭಾನುವಾರ ನನ್ನ ತಂಗಿಯ ಮಗಳು ತುಮಕೂರಿನ ಕಡೆಯ ತನ್ನ ಊರಿನಿಂದ ನಮ್ಮ ಮನೆಗೆ ಬಂದಿದ್ದಳು. ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿನಿ. ಊಟವಾದ ಮೇಲೆ ಚೀಲದಿಂದ ಒಂದು ಅಚ್ಚಿನ ಹಾಳೆಯನ್ನು ತೆಗೆದು ನನ್ನ ಮುಂದಿಟ್ಟಳು. ವಿಜ್ಞಾನದ ವಿದ್ಯಾರ್ಥಿಗಳು ತಮ್ಮ ಶಾಸ್ತ್ರದ ಹೊರಗಿನ ಒಂದು ವಿಷಯವನ್ನು ಆರಿಸಿಕೊಳ್ಳಬೇಕೆಂದು ಕಾಲೇಜಿನವರು ಕೊಟ್ಟಿದ್ದ ಪಟ್ಟಿ ಅದು.

"ಮಾವ, ಇದರಲ್ಲಿ ಯಾವುದು ಸುಲಭ?" ಎಂದಳು.

"ಸುಲಭದ ಮಾತಿರಲಿ, ನಿನಗೆ ಯಾವುದು ಇಷ್ಟ?" ಎಂದೆ.

"ಇಷ್ಟದ ಮಾತೆಲ್ಲಿ ಬಂತು ಮಾವ? ಚರಿತ್ರೆಯ ಪಾಠ ಬಿಡುವುದು ನಾಲ್ಕೂವರೆಗೆ. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಆಮೇಲೆ ಇರುವುದು ಆರೂವರೆಗೇ. ಅಮ್ಮ ಬಾಗಿಲಲ್ಲೇ ನಿಂತಿರುತ್ತಾಳೆ."

ಕಡೆಗೆ ಅವಳು ಆರಿಸಿಕೊಂಡದ್ದು ಮೂರೂವರೆಗೆ ಮುಗಿಯುವ ಯಾವುದೋ ಒಂದು ವಿಷಯವನ್ನು. ಅದು ಯಾವುದಾಗಿತ್ತೆಂದು ಈಚೆಗೆ ಕೇಳಿದೆ, ಅವಳಿಗೆ ನೆನಪಿರಲಿಲ್ಲ.

ಆ ಹುಡುಗಿಯಲ್ಲಿ ನಾನು ತಪ್ಪನ್ನು ಕಾಣಲಾರೆ. ಆದರೆ ಅವಳ ಪದವಿಯ ನಕ್ಷೆಯನ್ನು ಬರೆದ ದೊಡ್ಡವರ ವಿಚಾರವಾಗಿ ಅಂದಿನಿಂದಲೂ ಯೋಚಿಸುತ್ತಿದ್ದೇನೆ. ಭೌತಶಾಸ್ತ್ರಕ್ಕೆ ಇಷ್ಟು ಗಂಟೆ, ರಸಾಯನಶಾಸ್ತ್ರಕ್ಕೆ ಇಷ್ಟು, ಪ್ರಯೋಗಶಾಲೆಗೆ ಇಷ್ಟು ಎಂದು ಅವರು ಅಳೆದು ತೂಗಿ ಇಟ್ಟಿರಬೇಕು. ಎಲ್ಲರೂ ಕುಳಿತಾದ ಮೇಲೆ ಪಂಕ್ತಿಯ ಕೊನೆಯಲ್ಲಿ ಉಳಿದ ಒಂದು ಜಾಗವನ್ನು ಚರಿತ್ರೆ, ಸಾಹಿತ್ಯ, ಅರ್ಥಶಾಸ್ತ್ರಗಳಿಗೆಲ್ಲ ಸೇರಿಸಿ ಕೊಟ್ಟರು. ಬಾಳೆಯೆಲೆಯ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ: ಮುಟ್ಟಿದರೂ ಸರಿ, ಬಿಟ್ಟರೂ ಸರಿ, ಊಟವೇನೂ ನಿಲ್ಲುವುದಿಲ್ಲ. ಹೀಗೆ ಬಡಿಸಿದ್ದನ್ನು ಮಕ್ಕಳು ಬಿಟ್ಟೇಳುತ್ತಾರೆಂದು ನಾವು ಕೊರಗುತ್ತೇವೆ. ಬಡಿಸಿದ ರೀತಿಯೇ ಬಿಡು ಎಂದು ಹೇಳುತ್ತಿದೆಯಲ್ಲ ಎಂಬುದನ್ನು ಮಾತ್ರ ಗಮನಿಸುವುದಿಲ್ಲ.

ತನ್ನ ವಿಶೇಷ ವಿಷಯದ ಹೊರಗೆ ಪ್ರತಿಯೊಬ್ಬ ಪದವೀಧರನೂ ಅರಿತಿರಬೇಕಾದ ವಿದ್ಯೆಗೆ ಇಂಗ್ಲಿಷಿನವರು 'ಜನರಲ್ ಎಜುಕೇಷನ್' ಎನ್ನುತ್ತಾರೆ. ನಾವು ಸಾಮಾನ್ಯ ಶಿಕ್ಷಣ ಎನ್ನೋಣ. ಸಾಮಾನ್ಯ ಎಂದರೆ ಕೀಳಾದದ್ದು ಎಂದಲ್ಲ, ಎಲ್ಲರಿಗೂ ಸಮಾನವಾಗಿ ಸೇರಿದ್ದು ಎಂದು. ರಸಾಯನಶಾಸ್ತ್ರದವನಿಗೆ ರಾಜ್ಯಾಂಗ, ಚರಿತ್ರೆಯವನಿಗೆ ಸಂಖ್ಯಾಶಾಸ್ತ್ರದ ಅಕ್ಷರಾಭ್ಯಾಸ, ವಾಣಿಜ್ಯದವಳಿಗೆ ಒಂದು ಒಳ್ಳೆಯ ಕಾವ್ಯದ ಪರಿಚಯ, ಎಲ್ಲರಿಗೂ ತಮ್ಮ ಮಾತಿನಲ್ಲಿ ನಾಲ್ಕು ಪುಟಗಳನ್ನು ತಪ್ಪಿಲ್ಲದೆ ಬರೆಯುವ ಶಕ್ತಿ: ಇಂಥವು ಅದರ ಅಂಗಗಳು.

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ 1869ರಿಂದ 1909ರವರೆಗೆ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ ಕಡ್ಡಾಯದ ಪಾಠಗಳನ್ನು ಒಂದೊಂದಾಗಿ ಸಡಿಲಿಸಿ ವಿದ್ಯಾರ್ಥಿಗೆ ಸ್ವಂತ ಆಯ್ಕೆಯ ಸ್ವಾತಂತ್ರ್ಯ ಕೊಟ್ಟರು. ಸ್ವಾತಂತ್ರ್ಯ ದೊಡ್ಡದೇ, ಆದರೆ ಸುಲಭವಾದದ್ದನ್ನು ಹುಡುಕುವ ಅಭ್ಯಾಸವೂ ಅದರ ಬೆನ್ನಿಗೇ ಬಂತು. ಅವರ ತರುವಾಯ ಬಂದ ಲೊವೆಲ್, ಒಂದು ವಿಷಯದಲ್ಲಿ ಆಳ, ಉಳಿದವುಗಳಲ್ಲಿ ಹರವು ಎಂಬ ಕಟ್ಟಳೆಯನ್ನು ತರಬೇಕಾಯಿತು. ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಕೊಲಂಬಿಯಾ ಕಾಲೇಜು ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆಲ್ಲ ಸಮಕಾಲೀನ ನಾಗರಿಕತೆಯನ್ನು ಕುರಿತ ಒಂದೇ ಪಾಠವನ್ನು ವಿಧಿಸಿತು. ಎರಡನೆಯ ಯುದ್ಧ ನಡೆಯುತ್ತಿರುವಾಗಲೇ, 1943ರಲ್ಲಿ, ಸ್ವತಃ ರಸಾಯನಶಾಸ್ತ್ರಜ್ಞರಾದ ಹಾರ್ವರ್ಡಿನ ಕೋನಂಟ್ ಇದೇ ವಿಚಾರಕ್ಕಾಗಿ ಸಮಿತಿಯೊಂದನ್ನು ನೇಮಿಸಿದರು. ಅದರ ವರದಿ 1945ರಲ್ಲಿ ಹೊರಬಂತು. ಅಲ್ಲಿಯೂ ಜಗಳ ತೀರಿಲ್ಲ. 2019ರಲ್ಲಿ ಹಾರ್ವರ್ಡ್ ತನ್ನ ಸಾಮಾನ್ಯ ಶಿಕ್ಷಣವನ್ನು ಮತ್ತೊಮ್ಮೆ ಹೊಸದಾಗಿ ಕಟ್ಟಿಕೊಂಡಿತು. ಆದರೆ ಒಂದನ್ನು ಅವರಿಂದ ಕಲಿಯಬಹುದು. ಉಳಿದ ಗಂಟೆಗಳಲ್ಲಿ ಏನನ್ನು ತುಂಬೋಣ ಎಂದು ಅವರು ಕೇಳಲಿಲ್ಲ; ಎಲ್ಲರಿಗೂ ಸೇರಿದ್ದು ಯಾವುದು ಎಂಬುದನ್ನೇ ಮೊದಲು ಕೇಳಿದರು.

ನಮ್ಮ ದೇಶದಲ್ಲಿಯೂ ಈ ಮಾತು ಸ್ವಾತಂತ್ರ್ಯದ ಹೊಸ್ತಿಲಲ್ಲಿಯೇ ಬಂತು. 1948ರಲ್ಲಿ ನೇಮಕವಾದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದ ಅಧ್ಯಕ್ಷರು ಡಾ. ರಾಧಾಕೃಷ್ಣನ್. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ್ದ ಅವರು ನಮಗೆ ಹೊರಗಿನವರಲ್ಲ. ಆ ಆಯೋಗದಲ್ಲಿ ಜಾಕಿರ್ ಹುಸೇನರೂ ಇದ್ದರು, ಭೌತಶಾಸ್ತ್ರದ ಮೇಘನಾದ ಸಾಹಾರೂ ಇದ್ದರು. 1949ರ ತಮ್ಮ ವರದಿಯಲ್ಲಿ ಅವರು ಸಾಮಾನ್ಯ ಶಿಕ್ಷಣವನ್ನು ವಿಳಂಬವಿಲ್ಲದೆ ಆಚರಣೆಗೆ ತರಬೇಕೆಂದು ಶಿಫಾರಸು ಮಾಡಿದರು. ಅಂದಿನಿಂದ ಮುಕ್ಕಾಲು ಶತಮಾನ ಕಳೆದಿದೆ. ವಿಳಂಬವಾಗಿದೆ ಎಂದು ಹೇಳಿದರೆ ಯಾರೂ ಮುನಿಯಲಾರರು.

ಇಷ್ಟು ಹೊತ್ತಿಗೆ ಹಿರಿಯ ಓದುಗರೊಬ್ಬರು, "ಹಿಂದೆ ಇಂಥ ಏರ್ಪಾಡುಗಳಿಲ್ಲದೆಯೇ ಎಂತೆಂಥವರು ಆಗಿಹೋದರು!" ಎಂದು ಕೇಳಬಹುದು. ನಿಜ. 1921ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿ ಬಂದ ಬ್ರಜೇಂದ್ರನಾಥ ಸೀಲರು ತತ್ತ್ವಶಾಸ್ತ್ರಜ್ಞರು; ಆದರೆ ಪ್ರಾಚೀನ ಭಾರತದ ವಿಜ್ಞಾನಗಳನ್ನು ಕುರಿತು ಗ್ರಂಥ ಬರೆದವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ಕನ್ನಡದಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸುವುದಕ್ಕೆ ಹೆಗಲು ಕೊಟ್ಟರು. ಅದೇ ಕೈ ಪಂಪಭಾರತವನ್ನೂ ಸಂಪಾದಿಸಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು.

ಆದರೆ ಸ್ವಾಮಿಯವರು ಬೆಳೆದದ್ದು ಯಾರ ಮನೆಯಲ್ಲಿ ಎಂಬುದನ್ನು ಮರೆಯಬಾರದು. ಅವರು ಡಿ.ವಿ.ಜಿ.ಯವರ ಮಗ. ಡಿ.ವಿ.ಜಿ.ಯವರಿಗೆ ಕಾಲೇಜಿನ ಪದವಿ ಇರಲಿಲ್ಲ. ಅವರ ಮನೆಯ ಜಗಲಿಯೇ ಒಂದು ಕಾಲೇಜಾಗಿದ್ದಿರಬೇಕು. ಯಾವ ಮನೆಯಲ್ಲಿ ಪುಸ್ತಕಗಳಿವೆಯೋ, ಊಟದ ಹೊತ್ತಿನಲ್ಲಿ ದೇಶದ ಮಾತು ನಡೆಯುತ್ತದೆಯೋ, ಬಂದ ನೆಂಟರಲ್ಲಿ ಒಬ್ಬ ವಕೀಲನೋ ಒಬ್ಬ ವೈದ್ಯನೋ ಇರುತ್ತಾನೆಯೋ ಆ ಮನೆಯ ಮಗುವಿಗೆ ಸಾಮಾನ್ಯ ಶಿಕ್ಷಣ ತಾನಾಗಿಯೇ ದೊರೆಯುತ್ತದೆ. ಅದಕ್ಕೆ ಪಠ್ಯಕ್ರಮ ಬೇಕಿಲ್ಲ. ಇಂದು ನಮ್ಮ ಸರ್ಕಾರಿ ಕಾಲೇಜುಗಳಿಗೆ ಬರುವವರಲ್ಲಿ ಬಹಳ ಮಂದಿ ತಮ್ಮ ಮನೆತನದಲ್ಲಿಯೇ ಮೊಟ್ಟಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ಅವರಿಗೆ ಈ ವಿದ್ಯೆ ಸಿಗುವುದಾದರೆ ಕಾಲೇಜಿನಲ್ಲಿ ಸಿಗಬೇಕು. ಅಲ್ಲಿ ಸಿಗದಿದ್ದರೆ ಎಲ್ಲಿಯೂ ಸಿಗದು. ಆದ್ದರಿಂದ ಸಾಮಾನ್ಯ ಶಿಕ್ಷಣವನ್ನು ಉಳ್ಳವರ ಅಲಂಕಾರವೆಂದು ಭಾವಿಸುವವರೊಡನೆ ನಾನು ಒಪ್ಪಲಾರೆ. ಉಳ್ಳವರಿಗೆ ಅದು ಮನೆಯಲ್ಲಿಯೇ ಇದೆ. ಇಲ್ಲದವರಿಗಾಗಿಯೇ ಅದನ್ನು ಪದವಿಯ ನಡುಮನೆಯಲ್ಲಿ ಇಡಬೇಕಾಗಿದೆ.

ನಮ್ಮ ರಾಜ್ಯದಲ್ಲಿ ಈಚೆಗೆ ನಡೆದುದನ್ನು ನೋಡೋಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಕೈಗೊಂಡ ರಾಜ್ಯ ಕರ್ನಾಟಕ. 2021ರಲ್ಲಿ ನಾಲ್ಕು ವರ್ಷಗಳ ಪದವಿ ಬಂತು. ಅದರೊಡನೆ ಮುಕ್ತ ಆಯ್ಕೆಯ ವಿಷಯಗಳೂ ಬಂದುವು. ನನ್ನ ಸೋದರ ಸೊಸೆಯ ಕೈಯಲ್ಲಿದ್ದ ಹಾಳೆ ಆ ಕಾಲದ್ದು. ಮುಂದೆ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ 2024ರ ಮೇ ತಿಂಗಳಲ್ಲಿ ಸರ್ಕಾರ ಮೂರು ವರ್ಷಗಳ ಪದವಿಗೆ ಹಿಂದಿರುಗಿತು. ಇನ್ನೊಂದು ವರ್ಷದ ವೆಚ್ಚ ಬಡ ವಿದ್ಯಾರ್ಥಿಗಳಿಗೆ ಹೊರೆಯಾಗುತ್ತದೆಂಬ ವಾದದಲ್ಲಿ ಸತ್ಯವಿದೆ, ನಾನದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೂರೋ ನಾಲ್ಕೋ ಎಂಬ ಚರ್ಚೆಯ ಗದ್ದಲದಲ್ಲಿ, ಆ ವರ್ಷಗಳ ಒಳಗೆ ಎಲ್ಲರಿಗೂ ಸೇರಿದ ವಿದ್ಯೆಗೆ ಸ್ಥಳವೆಲ್ಲಿ ಎಂಬ ಪ್ರಶ್ನೆ ಕೇಳಿಸದೆ ಹೋಯಿತು. ಮನೆಗೆ ಮೂರು ಅಂಕಣವೋ ನಾಲ್ಕು ಅಂಕಣವೋ ಎಂದು ಬಡಿದಾಡುತ್ತ ಬಾವಿಯನ್ನು ಎಲ್ಲಿ ತೋಡಬೇಕೆಂಬುದನ್ನು ಮರೆತಂತಾಯಿತು.

ಲೆಕ್ಕವನ್ನೂ ನೋಡೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ 120 ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ಒಂದು ಅವಧಿಯಲ್ಲಿ 15 ಗಂಟೆಗಳ ಪಾಠ. ಇದರಲ್ಲಿ ಬೇರೆ ಬೇರೆ ಜ್ಞಾನಶಾಖೆಗಳ ಪರಿಚಯಕ್ಕೆ 9, ಭಾಷೆಗೆ 8, ಪರಿಸರ ಮೊದಲಾದ ಮೌಲ್ಯದ ಪಾಠಗಳಿಗೆ 6ರಿಂದ 8. ಎಲ್ಲ ಕೂಡಿದರೆ ಹೆಚ್ಚುಕಡಮೆ ಐದರಲ್ಲಿ ಒಂದು ಪಾಲು. ಮೊದಲಿನ 9ನ್ನೇ ತೆಗೆದುಕೊಂಡರೂ 135 ಗಂಟೆ. ಇದು ಸಣ್ಣದಲ್ಲ. ಎಂಜಿನಿಯರಿಂಗಿನಲ್ಲಿ ಸ್ಥಳ ಇನ್ನೂ ಇಕ್ಕಟ್ಟು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ 2022ರ ಪಠ್ಯಕ್ರಮದಲ್ಲಿ ಕನ್ನಡದ ಪಾಠಕ್ಕೆ ಇದ್ದದ್ದು ಒಂದು ಕ್ರೆಡಿಟ್. ಆದರೂ ಕೊರತೆ ಗಂಟೆಗಳದ್ದು ಮಾತ್ರವಲ್ಲ. ಕೊಟ್ಟ ಗಂಟೆಗಳಿಗೆ ಯಜಮಾನನಿಲ್ಲ ಎಂಬುದೇ ಹೆಚ್ಚಿನ ಕೊರತೆ.

ಇದನ್ನು ನನ್ನ ಸ್ವಂತ ಅನುಭವದಿಂದಲೇ ಹೇಳಬಲ್ಲೆ. ಪರಿಸರದ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂಬ ಮಾತು 1991ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದಲೇ ಬಂತು. ಮುಂದೆ ಧನಸಹಾಯ ಆಯೋಗ ಎಲ್ಲ ಪದವಿಗಳಿಗೂ ಆರು ತಿಂಗಳ ಪಾಠವನ್ನು ರೂಪಿಸಿತು. ಉದ್ದೇಶ ದೊಡ್ಡದು. ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ನಾನೊಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಒಂದು ವರ್ಷ ನನ್ನ ಕಾರ್ಯಭಾರದಲ್ಲಿ ಎರಡು ಗಂಟೆ ಕಡಮೆ ಬಿತ್ತೆಂದು ಈ ಪರಿಸರದ ಪಾಠವನ್ನು ನನ್ನ ತಲೆಗೆ ಕಟ್ಟಿದರು. ನಾನು ಆ ಪುಸ್ತಕವನ್ನು ಓದಿ ಹೇಳಿದೆ. ಹುಡುಗರು ಗೈಡನ್ನು ಓದಿ ಬರೆದರು. ಉತ್ತರಪತ್ರಿಕೆಗಳನ್ನು ತಿದ್ದುವಾಗ ನೋಡುತ್ತೇನೆ, ಎಲ್ಲರೂ ಗಂಗಾನದಿಯ ಮಾಲಿನ್ಯವನ್ನು ಒಂದೇ ವಾಕ್ಯದಲ್ಲಿ ವರ್ಣಿಸಿದ್ದಾರೆ. ಕಾಲೇಜಿನ ಹಿಂದೆಯೇ ಒಂದು ಕೆರೆ ಇತ್ತು. ನಮ್ಮ ವಿದ್ಯಾರ್ಥಿನಿಲಯದ ಕೊಳಚೆ ಅದಕ್ಕೇ ಹರಿಯುತ್ತಿತ್ತು. ಆ ಕೆರೆಯ ಹೆಸರನ್ನು ಒಬ್ಬನೂ ಬರೆದಿರಲಿಲ್ಲ. ಅವರನ್ನು ಒಂದು ದಿನ ಏರಿಯ ಮೇಲೆ ಕರೆದುಕೊಂಡು ಹೋಗಬಹುದಾಗಿತ್ತು. ನಡೆದರೆ ಐದು ನಿಮಿಷದ ದಾರಿ. ನಾನು ಹೋಗಲಿಲ್ಲ. ಅದು ನನ್ನ ಪಾಠವೆಂದು ನನಗೇ ಅನ್ನಿಸಿರಲಿಲ್ಲ. ಈ ಲೇಖನವನ್ನು ಬರೆಯುವಾಗ ಆ ಕೆರೆಯೇ ನನ್ನ ಕಣ್ಣ ಮುಂದೆ ಇದೆ.

ಯಜಮಾನನಿಲ್ಲದಿರುವುದಕ್ಕೆ ಕಾರಣ ನಮ್ಮ ವಿಶ್ವವಿದ್ಯಾನಿಲಯಗಳ ರಚನೆಯಲ್ಲಿದೆ. ಪ್ರತಿಯೊಂದು ವಿಷಯಕ್ಕೂ ಒಂದು ಅಧ್ಯಯನ ಮಂಡಳಿ ಇರುತ್ತದೆ. ಭೌತಶಾಸ್ತ್ರದ ಮಂಡಳಿ ಭೌತಶಾಸ್ತ್ರವನ್ನು ಕಾಯುತ್ತದೆ, ಅರ್ಥಶಾಸ್ತ್ರದ ಮಂಡಳಿ ಅರ್ಥಶಾಸ್ತ್ರವನ್ನು. ಪಾಠದ ಗಂಟೆ ಎಷ್ಟೋ ಕಾರ್ಯಭಾರ ಅಷ್ಟು. ಕಾರ್ಯಭಾರ ಎಷ್ಟೋ ಹುದ್ದೆಗಳು ಅಷ್ಟು. ಗಂಟೆಯನ್ನು ಬಿಟ್ಟುಕೊಡುವುದೆಂದರೆ ಒಬ್ಬರ ಅನ್ನವನ್ನು ಬಿಟ್ಟುಕೊಟ್ಟಂತೆ. ಹೀಗಿರುವಲ್ಲಿ ಯಾವ ವಿಭಾಗವಾದರೂ ತನ್ನ ಗಂಟೆಗಳಿಗಾಗಿ ಕಾದಾಡಿದರೆ ಅದನ್ನು ಸ್ವಾರ್ಥವೆಂದು ತೆಗೆದುಹಾಕಲಾಗದು. ಆದರೆ ಇಡೀ ಪದವೀಧರನ ಪರವಾಗಿ, ಆ ಮೂರು ವರ್ಷಗಳ ಕೊನೆಯಲ್ಲಿ ಹೊರಬರುವ ಮನುಷ್ಯನ ಪರವಾಗಿ, ಮಾತನಾಡುವ ಮಂಡಳಿ ಯಾವುದು?

ಆದ್ದರಿಂದ ನನ್ನ ಮೊದಲನೆಯ ಸೂಚನೆ ಇದು: ಸಾಮಾನ್ಯ ಶಿಕ್ಷಣಕ್ಕೆ ತನ್ನದೇ ಆದ ಒಂದು ಮಂಡಳಿ ಬೇಕು, ಪದವಿಯ ನಕ್ಷೆಯಲ್ಲಿ ತನ್ನ ಗಂಟೆಗಳನ್ನು ಮೊದಲು ಗುರುತಿಸುವ ಅಧಿಕಾರ ಅದಕ್ಕಿರಬೇಕು. ಎರಡನೆಯದು, ಆ ಪಾಠ ಬೆಳಗಿನ ಹೊತ್ತಿನಲ್ಲಿ, ಎಲ್ಲ ವಿಭಾಗಗಳಿಗೂ ಒಂದೇ ವೇಳೆಯಲ್ಲಿ ನಡೆಯಬೇಕು. ವಿಜ್ಞಾನದವರೂ ವಾಣಿಜ್ಯದವರೂ ಒಂದೇ ಬೆಂಚಿನಲ್ಲಿ ಕೂರುವಂತಾಗಬೇಕು. ಮೂರನೆಯದು, ಪಾಠ ಹೇಳುವವರು ಅನುಭವಿಗಳಾದ ಖಾಯಂ ಅಧ್ಯಾಪಕರಾಗಿರಬೇಕು. ಅದು ಅವರ ಕಾರ್ಯಭಾರದಲ್ಲಿ ಮರ್ಯಾದೆಯಿಂದ ಸೇರಬೇಕು. ವರ್ಷವರ್ಷವೂ ಕೆಲಸ ಉಳಿಯುವುದೋ ಇಲ್ಲವೋ ಎಂದು ಕಾಯುವ ಅತಿಥಿ ಉಪನ್ಯಾಸಕರ ಹೆಗಲಿಗೆ ಇದನ್ನೂ ಹೊರಿಸಿ ಕೈ ತೊಳೆದುಕೊಳ್ಳಬಾರದು. ನಾಲ್ಕನೆಯದು, ಪರೀಕ್ಷೆ ಬರವಣಿಗೆಯಿಂದ ಆಗಬೇಕು. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದರಿಂದ ವಿಚಾರಶಕ್ತಿ ಬೆಳೆಯದು. ಕಡೆಯದಾಗಿ, ಕೊನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ವಿಶೇಷ ವಿಷಯದ ಒಂದು ಪ್ರಶ್ನೆಯನ್ನು ಆ ಶಾಸ್ತ್ರ ಗೊತ್ತಿಲ್ಲದವರಿಗೆ ತಿಳಿಯುವಂತೆ ಕನ್ನಡದಲ್ಲಿ ಬರೆದು ಒಪ್ಪಿಸಬೇಕು. ತಾನು ಓದಿದ್ದನ್ನು ತನ್ನ ತಾಯಿಗೆ ಹೇಳಬಲ್ಲವನಿಗೆ ಆ ವಿಷಯ ನಿಜವಾಗಿ ಬಂದಿದೆ.

ಪಾಠ ಯಾವುದು ಎಂದು ಕೇಳುವವರಿಗೆ ಒಂದು ಉದಾಹರಣೆ. 2023ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ವಿಚಾರವಾಗಿ ಕರ್ನಾಟಕ ಬಂದ್ ನಡೆಯಿತು. ಕಾಲೇಜಿಗೆ ರಜೆ. ನನ್ನ ಸೋದರ ಸೊಸೆ ಫೋನು ಮಾಡಿ, "ಮಾವ, ಟಿ.ಎಂ.ಸಿ. ಅಂದರೆ ಎಷ್ಟು ನೀರು?" ಎಂದು ಕೇಳಿದಳು. ಪ್ರಯೋಗಶಾಲೆಯಲ್ಲಿ ದ್ರಾವಣವನ್ನು ಹನಿಹನಿಯಾಗಿ ಅಳೆಯಬಲ್ಲ ಹುಡುಗಿ ಅವಳು. ನೂರು ಕೋಟಿ ಘನ ಅಡಿ ಎಂದೆ. ಲೀಟರಿಗೆ ಅವಳೇ ತಿರುಗಿಸಿಕೊಂಡಳು, ಸುಮಾರು 2,830 ಕೋಟಿ ಲೀಟರು. ಆಮೇಲೆ ಒಂದರ ಮೇಲೊಂದು ಪ್ರಶ್ನೆ. ಜಗಳ ಯಾವಾಗ ಶುರುವಾಯಿತು? ಯಾರು ಹಂಚಿದರು? ಮಳೆ ಬಾರದಿದ್ದರೆ ಏನು ಗತಿ? ಒಂದು ಗಂಟೆ ಮಾತನಾಡಿದೆವು. ಅವಳಲ್ಲಿ ಕುತೂಹಲ ಇಲ್ಲ ಎಂದು ಇನ್ನು ಯಾರಾದರೂ ಹೇಳಿದರೆ ನಾನು ನಂಬುವವನಲ್ಲ.

ಮೂರು ಕ್ರೆಡಿಟ್, ಎಂದರೆ 45 ಗಂಟೆ, ಕಾವೇರಿ ಎಂಬ ಒಂದೇ ವಿಷಯಕ್ಕೆ ಕೊಟ್ಟರೆ ಏನೇನು ಕಲಿಸಬಹುದು! ಕೊಡಗಿನ ಮಳೆಯಿಂದ ತೊಡಗಿ ಭೂಗೋಳ. ಕನ್ನಂಬಾಡಿಯ ಕಟ್ಟೆಯಿಂದ ಸ್ಥಾಪತ್ಯ. ಮೈಸೂರು ಸಂಸ್ಥಾನಕ್ಕೂ ಮದರಾಸಿಗೂ ಆದ 1892ರ ಮತ್ತು 1924ರ ಒಪ್ಪಂದಗಳಿಂದ ಚರಿತ್ರೆ. 1990ರಲ್ಲಿ ರಚಿತವಾದ ನ್ಯಾಯಮಂಡಳಿ, 2007ರ ಅದರ ಅಂತಿಮ ತೀರ್ಪು, ಕರ್ನಾಟಕದ ಪಾಲನ್ನು 284.75 ಟಿ.ಎಂ.ಸಿ.ಗೆ ಏರಿಸಿದ ಸರ್ವೋಚ್ಚ ನ್ಯಾಯಾಲಯದ 2018ರ ತೀರ್ಪು, ಇವುಗಳಿಂದ ರಾಜ್ಯಾಂಗ. ಭತ್ತಕ್ಕೂ ರಾಗಿಗೂ ಬೇಕಾಗುವ ನೀರಿನಿಂದ ಕೃಷಿ ಮತ್ತು ಅರ್ಥಶಾಸ್ತ್ರ. ಬೆಂಗಳೂರಿನ ನಲ್ಲಿಯಿಂದ ನಗರದ ನೀತಿ. ನದಿಯ ಕೆಳಗಿನ ದಂಡೆಯಲ್ಲಿ ಕುಳಿತ ತಮಿಳು ರೈತನ ಮಾತನ್ನೂ ಸಮಾಧಾನದಿಂದ ಕೇಳುವ ಅಭ್ಯಾಸ ಎಲ್ಲಕ್ಕಿಂತ ಮಿಗಿಲಾದ ಪಾಠ. ಇದಕ್ಕೆ ಮೂರು ವಿಭಾಗಗಳ ಮೂವರು ಅಧ್ಯಾಪಕರು ಒಟ್ಟಿಗೆ ಕೂತು ಯೋಚಿಸಬೇಕು. ಹೊಸ ಕಟ್ಟಡ ಬೇಕಿಲ್ಲ. ಕರಾವಳಿಯ ಕಾಲೇಜು ಮೀನುಗಾರಿಕೆಯನ್ನು ಹೀಗೆ ಓದಲಿ, ಬಳ್ಳಾರಿಯ ಕಾಲೇಜು ಗಣಿಯನ್ನು ಓದಲಿ.

ವಿರೋಧದ ಮಾತುಗಳಿಗೂ ಕಿವಿಗೊಡಬೇಕು. ಕೆಲಸ ಸಿಗದ ಕಾಲದಲ್ಲಿ ಇದೆಲ್ಲ ಯಾರಿಗೆ ಬೇಕು ಎನ್ನುವವರಿದ್ದಾರೆ. ಅವರ ಆತಂಕವನ್ನು ಹಗುರವಾಗಿ ಕಾಣಲಾರೆ. ಆದರೆ ಪದವೀಧರರಿಗೆ ಬರೆಯಲು ಬಾರದು, ನಾಲ್ಕು ಜನರ ಮುಂದೆ ಹೇಳಲು ಬಾರದು, ಓದಿದ್ದರ ಆಚೆಗೆ ಯೋಚಿಸಲು ಬಾರದು ಎಂದು ಕೆಲಸ ಕೊಡುವವರೇ ಗೊಣಗುವುದನ್ನು ಕೇಳಿದ್ದೇವಲ್ಲ? ಆ ಮೂರೂ ಸಾಮಾನ್ಯ ಶಿಕ್ಷಣದ ಕೆಲಸವೇ. ಇದರಿಂದ ವಿಶೇಷ ವಿಷಯದ ಆಳ ಕುಗ್ಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. 120ರಲ್ಲಿ 60 ಕ್ರೆಡಿಟ್ ಮುಖ್ಯ ವಿಷಯಕ್ಕೇ ಮೀಸಲಾಗಿರುವಾಗ ಆಳ ಕುಗ್ಗಿದರೆ ಅದಕ್ಕೆ ಬೇರೆ ಕಾರಣಗಳನ್ನು ಹುಡುಕಬೇಕಾದೀತು. ಕಡ್ಡಾಯ ಮಾಡಿದರೆ ಬೇಸರ ಹುಟ್ಟುತ್ತದೆ ಎಂಬ ಮೂರನೆಯ ಮಾತು ನಿಜ. ಅದಕ್ಕೆ ನಾನೇ ಸಾಕ್ಷಿ. ಬೇಸರದಿಂದ ಕಲಿಸಿದ್ದನ್ನು ಬೇಸರದಿಂದಲೇ ಕಲಿಯುತ್ತಾರೆ. ಆದರೆ ಅದು ಕಡ್ಡಾಯದ ದೋಷವಲ್ಲ, ಕೈಬಿಟ್ಟ ಯಜಮಾನಿಕೆಯ ದೋಷ.

ಉಪ್ಪಿಗಿಂತ ರುಚಿಯಿಲ್ಲ ಎಂಬುದು ನಮ್ಮ ಹಿರಿಯರ ಮಾತು. ಉಪ್ಪನ್ನೂ ಎಲೆಯ ತುದಿಗೇ ಬಡಿಸುತ್ತಾರೆ, ನಿಜ. ಆದರೆ ಅಡಿಗೆಯಾಗುವಾಗಲೇ ಅದು ಅನ್ನ, ಹುಳಿ, ಪಲ್ಯಗಳಲ್ಲೆಲ್ಲ ಸೇರಿಹೋಗಿರುತ್ತದೆ. ಎಲ್ಲರಿಗೂ ಸೇರಿದ ವಿದ್ಯೆ ಪದವಿಯೊಳಗೆ ಹಾಗೆ ಸೇರಬೇಕೆಂಬುದೇ ನನ್ನ ಕೋರಿಕೆ.

ನನ್ನ ಸೋದರ ಸೊಸೆ 2024ರಲ್ಲಿ ಪದವಿ ಮುಗಿಸಿದಳು. ಅವಳ ಊರಿನಿಂದ ಈಗಲೂ ಹುಡುಗಿಯರು ಅದೇ ಕಾಲೇಜಿಗೆ ಹೋಗುತ್ತಿದ್ದಾರೆ. ಮುಂದಿನ ವರ್ಷದ ವೇಳಾಪಟ್ಟಿಯನ್ನು ಬರೆಯಲು ಕೂರುವ ಪ್ರಾಂಶುಪಾಲರಲ್ಲಿ, ಅಧ್ಯಯನ ಮಂಡಳಿಗಳ ಹಿರಿಯರಲ್ಲಿ ನಾನು ಬೇಡುವುದಿಷ್ಟೆ: ಮೊದಲನೆಯ ಗೆರೆಯನ್ನು ಎಲ್ಲರಿಗೂ ಸೇರಿದ ಪಾಠಕ್ಕೆ ಎಳೆಯಿರಿ. ನಾಲ್ಕು ಗಂಟೆಯ ಬಸ್ಸು ಹೊರಡುವುದಕ್ಕೆ ಬಹಳ ಮೊದಲೇ ಅದು ಆ ಮಕ್ಕಳಿಗೆ ದೊರೆಯಲಿ.